ಶಾಹುಲ್ ಘಾಟಿ ಹತ್ತಲು ಹೊರಟದ್ದು

ಎಡವಟ್ಟಾದದ್ದು ಒಂದೇ ಒಂದು ಅಕ್ಷರದಿಂದ. ಗಲ್ಫಿನ ದಮ್ಮಾಮಿನಿಂದ ರಜೆಗೆ ಬಂದ ಭಾವಮೈದುನ ಇಜಾಝ್ ಜೊತೆಗೊಂದು ಟೆಂಟ್ ತಂದಿದ್ದ. ಊಟದ ಹೊತ್ತಿಗೆ ಅದನ್ನು ಬಿಚ್ಚಿ ತೋರಿಸಿದಾಗ ಶಾಹುಲ್ "ಇದನ್ನು ಹಿಡ್ಕೊಂಡು ಒಮ್ಮೆ ಗುಡ್ಡಕ್ಕೆ ಹೋಗಬೇಕು" ಎಂದು ಸುಮ್ಮನಾಗಿದ್ದರೆ ಯಾರೂ ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ತಂದವನಿಗೆ ಖುಷಿಯಾಗಲಿ ಎಂದು ಆತ "ಹೋಗಲೇಬೇಕು" ಎಂದುಬಿಟ್ಟ.

ಆ 'ಲೇ' ಕಾಟಿಪಳ್ಳದ ಓಣಿಯನ್ನೆಲ್ಲ ಸುತ್ತಿತು. ಹೆಂಡತಿ ಮುಮ್ತಾಝ್ ಪಕ್ಕದ ಮನೆಯ ಅಕ್ಕುವಿಗೆ ಹೇಳಿದಳು. ಅಕ್ಕು ಗಂಡ ಪೂವಪ್ಪನಿಗೆ ಹೇಳಿದಳು. ಪೂವಪ್ಪ ಎದುರುಮನೆಯ ನೂರ್ ಮುಹಮ್ಮದರಿಗೆ ಹೇಳಿದ. ಭಾನುವಾರ ಬೆಳಿಗ್ಗೆ ಹೊರಡುವುದೆಂದೂ, ಚಾರ್ಮಾಡಿ ಘಾಟಿಯ ಆಚೆ ನೂರ್ ಮುಹಮ್ಮದರ ದೋಸ್ತಿಯೊಬ್ಬನ ಗುಡ್ಡದಲ್ಲಿ ಟೆಂಟ್ ಹಾಕುವುದೆಂದೂ ತೀರ್ಮಾನವಾಗಿದೆ ಎಂಬ ಸುದ್ದಿ ಕಟ್ಟಕಡೆಗೆ ಶಾಹುಲ್‌ಗೇ ಬಂದು ಮುಟ್ಟಿತು.

ಶಾಹುಲ್‌ಗೆ ಬಿಜೈಯಲ್ಲಿ ಚಪ್ಪಲಿ ಅಂಗಡಿ. ಗುಡ್ಡ ಹತ್ತುವವರಿಗೆ ಎಷ್ಟೋ ಬೂಟು ಮಾರಿದ್ದ. ತಾನು ಹತ್ತಿದ್ದು ಮಾತ್ರ ಮೇಲಿನ ಕಪಾಟಿನ ಪೆಟ್ಟಿಗೆ ತೆಗೆಯುವ ಏಣಿ. ಘಾಟಿಯ ಮೊದಲ ತಿರುವಿನಲ್ಲೇ ಅವನಿಗೆ ಹೊಟ್ಟೆ ತೊಳೆಸುತ್ತಿತ್ತು. ತನ್ನ ದಿಂಬಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಜಿಗಣೆಯ ಹೆಸರು ಕೇಳಿದರೆ ಕಾಲು ತನ್ನಷ್ಟಕ್ಕೆ ಮೇಲೆ ಬರುತ್ತಿತ್ತು. ಆದರೆ ಆಡಿದ ಮಾತು ಹಿಂದೆ ತೆಗೆಯುವುದು ಹೇಗೆ? ಅವನಿಗೆ ಉಳಿದಿದ್ದ ಒಂದೇ ಆಸರೆ ಮದುವೆಗಿಂತ ಹಳೆಯದಾದ ಓಮ್ನಿ. ಅದರ ಮೇಲೆ ಅವನಿಗೆ ಪೂರ್ತಿ ಭರವಸೆಯಿತ್ತು, ಅದು ಖಂಡಿತ ಕೆಟ್ಟು ನಿಲ್ಲುತ್ತದೆ ಎಂಬ ಭರವಸೆ.

ಶನಿವಾರ ಬೆಳಿಗ್ಗೆ ಓಮ್ನಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದೇ ತಡ, ನೂರ್ ಮುಹಮ್ಮದ್ ಹಾಜರಾದರು. ಗಲ್ಫಿನ ಮರುಭೂಮಿಯಲ್ಲಿ ನೀರಿನ ಟ್ಯಾಂಕರ್ ಓಡಿಸಿ ಬಂದವರು.

"ಶಾಹುಲಾ, ಟಯರಿನ ಗಾಳಿ ಅರ್ಧ ಬಿಡು."

"ಅದು ಮರಳಿಗೆ ಅಲ್ವಾ ನೂರಾಕ?"

"ಗುಡ್ಡ ಅಂದ್ರೆ ಎಂತ ಮಾರಾಯ? ಗಟ್ಟಿಯಾದ ಮರಳು."

ಅವರು ಎಡಬದಿಯ ಎರಡು ಟಯರಿನ ಗಾಳಿ ಬಿಡುವಷ್ಟರಲ್ಲಿ ಪೂವಪ್ಪ ಬಂದ. ಆಯಸ್ಸಿನ ಬಹುಪಾಲು ಕಡಲಿನಲ್ಲಿ ಕಳೆದವನು, ಈಗ ಕಾಲುನೋವೆಂದು ಮನೆಯಲ್ಲಿದ್ದ. "ಗಾಳಿ ಬಿಡುವುದಾ? ತುಂಬಿಸ್ಬೇಕು!" ಎಂದು ಬಲಬದಿಯ ಟಯರುಗಳಿಗೆ ಪಂಪು ಹೊಡೆಯತೊಡಗಿದ. ಓಮ್ನಿ ಒಂದು ಕಡೆಗೆ ವಾಲಿ, ಗೋಡೆಯಾಚೆಯ ಜಗಳಕ್ಕೆ ಕಿವಿಗೊಟ್ಟವಳ ಹಾಗೆ ನಿಂತಿತು. ಶಾಹುಲ್‌ಗೆ ಒಳಗೊಳಗೇ ಸಂತೋಷ. ಆದರೆ ಇಜಾಝ್ ಹೋಗಿ ಪಂಕ್ಚರ್ ಅಂಗಡಿಯವನನ್ನೇ ಕರೆತಂದು ನಾಲ್ಕಕ್ಕೂ ಸಮನಾಗಿ ಗಾಳಿ ಹಿಡಿಸಿದ.

ಆಮೇಲೆ ಸಾಮಾನು. ಪಾತ್ರೆ, ಅಕ್ಕಿ, ಗ್ಯಾಸ್ ಒಲೆ, ಚಾಪೆ, ಕೊಡಪಾನ ಎಲ್ಲವನ್ನೂ ಪೂವಪ್ಪ ಬಲೆಯ ಹಗ್ಗದಿಂದ ಓಮ್ನಿಯ ತಲೆಯ ಮೇಲೆ ಬಿಗಿದ.

"ಇದನ್ನು ಬಿಚ್ಚುವುದು ಹೇಗೆ ಪೂವಪ್ಪಣ್ಣ?"

"ಬಿಚ್ಚುವ ಗಂಟು ಕಡಲಿನಲ್ಲಿ ಹಾಕುವುದಿಲ್ಲ."

ಗಾಡಿ ತಯಾರಾದರೆ ಸಾಕೇ, ಓಡಿಸುವವನು ತಯಾರಾಗಬೇಡವೇ ಎಂಬ ಪ್ರಶ್ನೆ ಎತ್ತಿದವರು ನೂರ್ ಮುಹಮ್ಮದ್. ಮನೆಯೊಳಗಿದ್ದ ಇನ್ನೊಂದು ಅಕ್ಕಿಯ ಚೀಲವನ್ನು ಅವನ ಬೆನ್ನಿಗೆ ಹೊರಿಸಿ ತಾರಸಿಯ ಮೆಟ್ಟಿಲು ಹತ್ತಿಸಿ ಇಳಿಸಿದರು. ಶಾಹುಲ್‌ನ ಏದುಸಿರು ಓಣಿಯ ತುದಿಗೆ ಕೇಳಿತು. ಅಕ್ಕು ಹೊಗೆಸೊಪ್ಪು, ಸುಣ್ಣ ಅರೆದು ತಂದಳು. "ಜಿಗಣೆ ಹತ್ತಿರ ಬರುವುದಿಲ್ಲ, ಇವತ್ತೇ ಹಚ್ಚಿ ನೋಡುವ" ಎಂದು ಅವನ ಮೊಣಕಾಲಿನವರೆಗೆ ಬಳಿಸಿದಳು. ಕಾಟಿಪಳ್ಳದಲ್ಲಿ ಜಿಗಣೆ ಇರಲಿಲ್ಲ. ಉರಿ ಮಾತ್ರ ಇತ್ತು.

ಟೆಂಟಿನ ಪರೀಕ್ಷೆಗೆ ಶಾಹುಲ್‌ನನ್ನೇ ಒಳಗೆ ಕೂರಿಸಿ ಜಿಪ್ ಎಳೆದರು. ಅದು ಸಿಕ್ಕಿಕೊಂಡಿತು. ಒಳಗೆ ಒಲೆಯಂಥ ಕಾವು, ಕಾಲಿಗೆ ಸುಣ್ಣದ ಉರಿ. ಬೆವರುತ್ತ ಜಿಪ್ಪಿನೊಡನೆ ಗುದ್ದಾಡುತ್ತಿದ್ದವನಿಗೆ ಹೊರಗಿನಿಂದ ಮುಮ್ತಾಝಳ ಮಾತು ಕೇಳಿಸಿತು: "ನೋಡಿ ಅಕ್ಕು, ಎಷ್ಟು ಖುಷಿ ಅವರಿಗೆ! ಹೊರಗೇ ಬರುವುದಿಲ್ಲ."

ಮಧ್ಯಾಹ್ನದ ಊಟವಾದ ಮೇಲೆ ಕೊನೆಯ ಪರೀಕ್ಷೆ. ತುಂಬಿದ ಗಾಡಿಯನ್ನು ಬಜಪೆಯ ಏರಿನಲ್ಲಿ ಹತ್ತಿಸಿ ನೋಡುವುದು. ಇಜಾಝ್ ತಲೆನೋವೆಂದು ಮನೆಯಲ್ಲೇ ಉಳಿದ. ಮನೆಯವರ ಭಾರಕ್ಕೆ ಬದಲಾಗಿ ಪೂವಪ್ಪ, ಅಕ್ಕು, ನೂರ್ ಮುಹಮ್ಮದ್ ಹತ್ತಿ ಕೂತರು. ಏರು ಬಂತು. ಈಗ ಕೆಮ್ಮುತ್ತದೆ, ಈಗ ಹೊಗೆ ಬರುತ್ತದೆ ಎಂದು ಶಾಹುಲ್ ಕಾದ. ಮನೆಯಿಂದ ಅಂಗಡಿಗೆ ಹೋಗುವ ದಾರಿಯಲ್ಲಿ ವಾರಕ್ಕೊಮ್ಮೆಯಾದರೂ ನಿಲ್ಲುತ್ತಿದ್ದ ಓಮ್ನಿ ಅಂದು ಆಡಿನ ಮರಿಯ ಹಾಗೆ ಏರು ಹತ್ತಿತು.

"ಗಾಡಿ ಅಂದ್ರೆ ಇದು!" ಎಂದರು ನೂರ್ ಮುಹಮ್ಮದ್.

ಶಾಹುಲ್‌ಗೆ ಮನೆಯವರೇ ಕೈಕೊಟ್ಟ ಹಾಗಾಯಿತು.

ಮೇಲೆ ಹೋಟೆಲಿನ ಎದುರು ನಿಲ್ಲಿಸಿದಾಗ ಎಲ್ಲರೂ ಚಾ ಕುಡಿಯಲು ಇಳಿದರು. "ನೀವು ಹೋಗಿ, ಬಂದೆ" ಎಂದು ಹಿಂದುಳಿದ ಶಾಹುಲ್ ಆಚೀಚೆ ನೋಡಿದ. ಮುಂದಿನ ಸೀಟು ಎತ್ತಿದ. ಕೆಳಗಿದ್ದ ಎಂಜಿನಿನಿಂದ ಕೈಗೆ ಸಿಕ್ಕಿದ ದಪ್ಪ ವೈರೊಂದನ್ನು ಕಿತ್ತು ರಸ್ತೆಬದಿಯ ಪೊದೆಗೆ ಎಸೆದ. ಜೀವನದಲ್ಲಿ ಮೊದಲ ಬಾರಿಗೆ ಅವನು ಗಾಡಿ ರಿಪೇರಿಗೆ ಕೈಹಾಕಿದ್ದು. ಆಮೇಲೆ ಹೋಗಿ ಎರಡು ಗೋಳಿಬಜೆ ಹೆಚ್ಚೇ ತಿಂದ.

ಚಾ ಮುಗಿಸಿ ಬಂದರೆ ಓಮ್ನಿ ಉಸಿರೆತ್ತಲಿಲ್ಲ. ನೂರ್ ಮುಹಮ್ಮದ್ ತಳ್ಳಿದರು, ಅಕ್ಕು ತಳ್ಳಿದಳು, ಹೋಟೆಲಿನವರೂ ತಳ್ಳಿದರು. ಶಾಹುಲ್ ಗಂಭೀರವಾಗಿ ಸ್ಟೇರಿಂಗ್ ಹಿಡಿದು ಕೂತ.

"ಇನ್ನು ನನ್ನ ಮಗನೇ ಬರಬೇಕು" ಎಂದು ಪೂವಪ್ಪ ಫೋನ್ ತೆಗೆದ. ಮಗ ಭುವನ್‌ನ ಮೀನಿನ ಟೆಂಪೊ ಬಂತು. ಹಗ್ಗ ಕಟ್ಟಿ ಎಳೆದುಕೊಂಡು ಹೊರಟರು. ಮುಖದ ನಗು ಕಾಣದಿರಲೆಂದು ಶಾಹುಲ್ ದಾರಿಯುದ್ದಕ್ಕೂ ತುಟಿ ಬಿಗಿದು ಕೂತಿದ್ದ. ನೂರ್ ಮುಹಮ್ಮದ್ ಅವನ ಹೆಗಲು ತಟ್ಟಿ ಪೂವಪ್ಪನ ಕಡೆ ನೋಡಿದರು. ಪೂವಪ್ಪ ಕಣ್ಣಲ್ಲೇ ಉತ್ತರ ಕೊಟ್ಟ.

ಮನೆಯೊಳಗೆ ಕಾಲಿಟ್ಟ ಶಾಹುಲ್ ದನಿ ಇಳಿಸಿ, "ಗಾಡಿ ಹಾಳಾಯ್ತು. ನಾಳೆ ಹೋಗ್ಲಿಕ್ಕೆ ಆಗುವುದಿಲ್ಲ" ಎಂದ.

"ಅಲ್‌ಹಮ್ದುಲಿಲ್ಲಾ!" ಎಂದ ಇಜಾಝ್. ತಕ್ಷಣ ಬಾಯಿಗೆ ಕೈಯಿಟ್ಟ. ಮತ್ತೆ ತಡೆಯಲಾಗದೆ ಹೇಳಿದ: "ಭಾವ, ಬೇಜಾರು ಮಾಡ್ಬೇಡಿ. ನನಗೆ ಬೆನ್ನುನೋವು ಉಂಟು, ನೆಲದಲ್ಲಿ ಮಲಗುವ ಹಾಗಿಲ್ಲ. ನಿಮಗೆ ಅಷ್ಟು ಆಸೆ ಅಂತ ಸುಮ್ಮನಿದ್ದೆ."

"ನನಗೂ ಬೇಡ ಇತ್ತು" ಎಂದಳು ಮುಮ್ತಾಝ್. "ಅಲ್ಲಿ ಮಳೆ ಸುರುವಾಗಿದೆಯಂತೆ. ನಿಮ್ಮಿಬ್ಬರ ಖುಷಿಗೆ ಅಂತ ಒಪ್ಪಿದ್ದು."

ಶಾಹುಲ್ ಇಬ್ಬರನ್ನೂ ನೋಡಿದ. ನಗು ಒಳಗಿನಿಂದ ಉಕ್ಕಿ ಬಂತು. ವೈರಿನ ಕತೆ ಹೇಳಿದ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಭಾನುವಾರಕ್ಕೆ ಬಿರಿಯಾನಿಯೆಂದು ತೀರ್ಮಾನವಾಯಿತು.

ಆಗ ಹೊರಗೆ ಧಡಧಡ ಸದ್ದು. ಬಂದು ನೋಡಿದರೆ ಮೀನಿನ ಟೆಂಪೊ ಅಂಗಳದಲ್ಲೇ ನಿಂತಿತ್ತು. ಪೂವಪ್ಪ ತನ್ನ ಗಂಟುಗಳನ್ನು ಕತ್ತಿಯಿಂದ ಕೊಯ್ದು, ಓಮ್ನಿಯ ಮೇಲಿದ್ದ ಸಾಮಾನನ್ನೆಲ್ಲ ಟೆಂಪೊಗೆ ಏರಿಸಿ ಆಗಿತ್ತು.

"ನಿನ್ನ ಮುಖ ನೋಡಿ ನಮಗೆ ಸಹಿಸ್ಲಿಕ್ಕೆ ಆಗ್ಲಿಲ್ಲ ಶಾಹುಲ್" ಎಂದ ಪೂವಪ್ಪ. "ಬಜಪೆಯಿಂದ ಇಲ್ಲಿವರೆಗೆ ಒಂದು ಮಾತಿಲ್ಲ. ನಾಳೆ ಇದರಲ್ಲೇ ಹೋಗುವ. ನಾವೂ ಬರ್ತೇವೆ."

ಶಾಹುಲ್‌ನ ಕೈ ಇಜಾಝ್ ಕಡೆ ತಿರುಗಿತು. "ಇಜಾಝಿಗೆ ಬೆನ್ನುನೋವು..."

"ಪಾಪ, ಅವನು ಮನೆಯಲ್ಲಿರಲಿ" ಎಂದರು ನೂರ್ ಮುಹಮ್ಮದ್.

"ಮುಮ್ತಾಝ್‌ಗೆ..."

"ತಮ್ಮನನ್ನು ನೋಡಿಕೊಳ್ಳಲಿಕ್ಕೆ ಯಾರಾದ್ರೂ ಬೇಕಲ್ಲ" ಎಂದಳು ಮುಮ್ತಾಝ್, ಗಂಡನ ಕಣ್ಣು ತಪ್ಪಿಸಿ. ಇಜಾಝ್ ಸೊಂಟ ಹಿಡಿದುಕೊಂಡು ಮೆಲ್ಲಗೆ ಒಳಗೆ ನಡೆದ.

ನಿಜ ಹೇಳಿಬಿಡೋಣವೆಂದು ಶಾಹುಲ್ ಬಾಯಿ ತೆರೆದ. ಬಿಸಿಲಲ್ಲಿ ಗಾಡಿ ತಳ್ಳಿದ ಅಕ್ಕು ಇನ್ನೂ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವನು ಬಾಯಿ ಮುಚ್ಚಿದ.

"ಮುಂದೆ ಭುವನ್ ಜೊತೆ ನಾವಿಬ್ಬರು ಹಿರಿಯರು ಕೂತ್ಕೊಳ್ತೇವೆ" ಎಂದರು ನೂರ್ ಮುಹಮ್ಮದ್. "ನಿನಗೆ ಹಿಂದೆ ಐಸಿನ ಪೆಟ್ಟಿಗೆಯ ಮೇಲೆ ಬೇಕಾದಷ್ಟು ಜಾಗ ಉಂಟು. ವಾಸನೆ ಸ್ವಲ್ಪ ಇರ್ತದೆ, ಘಾಟಿ ಮುಟ್ಟುವಾಗ ಅಭ್ಯಾಸ ಆಗ್ತದೆ."

"ಒಂದು ರಾತ್ರಿ ಅಲ್ವಾ, ಹೇಗಾದ್ರೂ ಆಗ್ತದೆ" ಎಂದ ಶಾಹುಲ್, ತನಗೆ ತಾನೇ ಸಮಾಧಾನ ಹೇಳಿಕೊಳ್ಳುವವನ ಹಾಗೆ.

ಭುವನ್ ಟೆಂಪೊದ ಬಾಗಿಲು ಹಾಕುತ್ತ ನಕ್ಕ. "ಒಂದು ರಾತ್ರಿ ಎಂತಕ್ಕೆ ಶಾಹುಲಾಕ? ಮಳೆಗಾಲದಲ್ಲಿ ಮೀನು ಹಿಡಿಯುವ ಬೋಟೆಲ್ಲ ಬಂದ್, ಗಾಡಿಗೆ ಬೇರೆ ಕೆಲಸ ಇಲ್ಲ. ನೀವು ಇಷ್ಟು ಆಸೆಪಟ್ಟದ್ದಲ್ವಾ, ಆರಾಮದಲ್ಲಿ ಒಂದು ವಾರ ಇದ್ದು ಬರುವ."