ಹಳ್ಳದ ದಂಡೆಯ ಸುಣ್ಣದ ಗೆರೆ

ದಾಲ್ ಮಿಲ್ಲಿನ ಗುಮಾಸ್ತ ನೀಲಕಂಠ ತನ್ನ ಸುಳ್ಳನ್ನು ಹೆಂಡತಿಗೆ ಮಾತ್ರ ಹೇಳಿ ಸುಮ್ಮನಿರಬೇಕಿತ್ತು. ಬಾಯಿ ತಡೆಯಲಿಲ್ಲ. ಬಡಾವಣೆಯ ಸಂಘದ ಅಧ್ಯಕ್ಷೆ ವಿದ್ಯಾವತಿಯವರಿಗೂ ಹೇಳಿಬಿಟ್ಟ. "ಹಳ್ಳದ ದಂಡಿಗುಂಟ ಸೇತುವಿ ತನಕ ದಿನಾ ನಡೀತೀನ್ರಿ. ಶುಗರ್ ಹೆಂಗ ಇಳದದ ನೋಡ್ರಿ!"

ಶುಗರ್ ಇಳಿಸಿದ್ದು ಡಾಕ್ಟರರ ಗುಳಿಗೆ. ಇವನು ಆರು ತಿಂಗಳಿಂದ ದಿನಾ ಬೆಳಿಗ್ಗೆ ಬೂಟು ಕಟ್ಟಿ ಹೊರಟು, ಓಣಿ ತಿರುವಿನಲ್ಲಿ ಆಟೊ ಹತ್ತಿ, ಸೇತುವೆ ಪಕ್ಕದ ಇಮಾಮುದ್ದೀನನ ತಗಡಿನ ಹೋಟೆಲಿನ ಮುಂದೆ ಇಳಿಯುತ್ತಿದ್ದ. ಅಲ್ಲಿ ಒಂದು ಪ್ಲೇಟ್ ಮಂಡಕ್ಕಿ ಸುಸಲಾ, ನಾಲ್ಕು ಮಿರ್ಚಿ ಭಜಿ, ಮೇಲೊಂದು ಸಕ್ಕರೆ ಚಹಾ. ಮನೆಯಲ್ಲಿ ಹೆಂಡತಿ ಅಂಬಿಕಾ ಕೊಡುವುದು ಮೆಂತ್ಯದ ನೀರು, ಒಣ ರೊಟ್ಟಿ. ಪಾಪ, ಬದುಕಿನಲ್ಲಿ ಅವನಿಗೆ ಉಳಿದಿದ್ದ ಸುಖವೆಂದರೆ ಆ ನಾಲ್ಕು ಭಜಿ.

ಬಡಾವಣೆಯ ಜನ ಎರಡು ತಿಂಗಳು ಬೆವರು ಹರಿಸಿ ಹಳ್ಳದ ಕಸ ಎತ್ತಿದ್ದರು. ಇನ್ನು ದಂಡೆಗುಂಟ ಗಿಡ ನೆಟ್ಟು, ಅಡ್ಡ ಬಂದ ತಗಡಿನ ಅಂಗಡಿಗಳನ್ನು ಕಿತ್ತು, ನಡೆಯುವ ದಾರಿ ಮಾಡಬೇಕು. ಆ ಭಾನುವಾರ ದಾರಿ ಗುರುತು ಹಾಕಲು ಇಂಜಿನಿಯರ್ ಪ್ರಿಯದರ್ಶಿನಿ ಬಂದಳು. "ಮಂದಿ ನಡದು ನಡದು ಬಿದ್ದ ದಾರೀನ ಖರೇ ದಾರಿ. ಇಲ್ಲಿ ದಿನಾ ಯಾರು ನಡೀತೀರಿ? ಅವ್ರು ಮುಂದ ನಡೀರಿ, ನಾವು ಹಿಂದಿಂದ ಸುಣ್ಣ ಹಾಕೊಂತ ಬರ್ತೀವಿ."

ವಿದ್ಯಾವತಿಯವರ ಬೆರಳು ನೀಲಕಂಠನ ಕಡೆ ತಿರುಗಿತು. ಅವನು ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿಯಲು ನೋಡಿದ. ಸುಮ್ಮನೆ ಅಲ್ಲ. ಹೆಂಡತಿಯ ತಮ್ಮ ಅರುಣಕುಮಾರ ಕಮಲಾಪುರದಿಂದ ಕೆಂಪು ಬಾಳೆಯ ಸಸಿ ಹೊತ್ತು ಮೊದಲ ಬಸ್ಸಿಗೇ ಬಂದು ಅಂಬಿಕಾಳ ಪಕ್ಕದಲ್ಲಿ ನಿಂತಿದ್ದ. ಎಣ್ಣೆ, ಸಕ್ಕರೆ ಎಂದರೆ ಅವನಿಗೆ ವಿಷ. ಅಂಬಿಕಾ ಮೊದಲೇ ಎಚ್ಚರಿಸಿದ್ದಳು: "ನಡಿಯೋದು ತಪ್ಸಿದ್ರಿ ಅಂತ ಗೊತ್ತಾದ್ರ, ತಮ್ಮನ ಸಂಗಡ ಕಮಲಾಪುರಕ್ಕ ಕಳಸ್ತೀನಿ. ತ್ವಾಟದಾಗ ಆರು ತಿಂಗಳು ನೀರು ಹಾಯಿಸ್ರಿ, ಹಾಗಲಕಾಯಿ ತಿನ್ರಿ."

ನೀಲಕಂಠ ದೇವರ ಮೇಲೆ ಭಾರ ಹಾಕಿ ಹೆಜ್ಜೆ ಇಟ್ಟ. ಹಿಂದೆ ಬುಟ್ಟಿಯವನು ಸುಣ್ಣ ಉದುರಿಸುತ್ತ ಬಂದ. ನೂರು ಹೆಜ್ಜೆಗೇ ಎದುರು ಜಾಲಿಯ ಪೊದೆ. ಗಕ್ಕನೆ ಎಡಕ್ಕೆ ಹೊರಳಿದ.

"ಇಲ್ಯಾಕ್ರಿ ತಿರುವು?" ಪ್ರಿಯದರ್ಶಿನಿ ಕೇಳಿದಳು.

"ನೆರಳದ ನೋಡ್ರಿ ಮೇಡಂ, ತಂಪು!"

ಅವಳು ಬರೆದುಕೊಂಡಳು. ಮುಂದೆ ನಾಯಿಗಳ ಹಿಂಡು ಮೈಮೇಲೆ ಬಂತು. ನೀಲಕಂಠ ಮಣ್ಣಿನ ಗುಡ್ಡೆಯೊಂದನ್ನು ಎರಡು ಸುತ್ತು ಓಡಿದ. ಬುಟ್ಟಿಯವನೂ ನಿಷ್ಠೆಯಿಂದ ಎರಡು ಸುತ್ತು ಸುಣ್ಣ ಹಾಕಿದ. "ದಿನಾ ನೋಡೋ ನಾಯಿ ಮಾಮಾನ ಮ್ಯಾಲ ಯಾಕ ಬೊಗಳ್ತಾವಕ್ಕಾ?" ಎಂದ ಅರುಣಕುಮಾರ.

"ನಿನ್ನ ಹೊಸ ಮಾರಿ ನೋಡಿ ಬೊಗಳ್ಯಾವೋ!" ಎಂದು ಏದುಸಿರಿನಲ್ಲೇ ಕೂಗಿದ ನೀಲಕಂಠ. ಪ್ರಿಯದರ್ಶಿನಿ ಅದಕ್ಕೂ ತಲೆದೂಗಿ, ಅಲ್ಲೊಂದು ದುಂಡನೆಯ ಕಟ್ಟೆ ಎಂದು ಬರೆದಳು. ಆಮೇಲೆ ಅವನು ಜಾರಿ ಮೊಣಕಾಲತನಕ ಕೆಸರಿಗೆ ಇಳಿದಾಗ, "ಇಲ್ಲಿ ಮೆಟ್ಟಲ ಬೇಕು," ಎಂದು ಅದನ್ನೂ ಬರೆದಳು.

ಎರಡು ಕಿಲೋಮೀಟರ್ ಮುಗಿಯುವಷ್ಟರಲ್ಲಿ ಹಸಿವಿನಿಂದ ಅವನ ಕಣ್ಣು ಕತ್ತಲಿಟ್ಟಿತು. ಗಾಳಿಗೆ ಭಜಿಯ ವಾಸನೆ ತೇಲಿ ಬಂತು. ಕಾಲುಗಳು ಯಾರ ಮಾತನ್ನೂ ಕೇಳಲಿಲ್ಲ. ನೆಟ್ಟಗೆ ಹೋಟೆಲಿನ ಬೆಂಚಿನ ಮುಂದೆ ಹೋಗಿ ನಿಂತವು.

"ಆಯಿಯೇ ಸಾಬ್! ಹಮೇಶಾದ್ದು ತಯಾರ್ ಅದ!" ಇಮಾಮುದ್ದೀನ ಭಜಿಯ ಪ್ಲೇಟು ಹಿಡಿದೇ ಹೊರಬಂದ.

"ಹಮೇಶಾದ್ದು ಅಂದ್ರ? ದಿನದ್ದು ಏನು?" ಅಂಬಿಕಾ ಸೊಂಟದ ಮೇಲೆ ಕೈ ಇಟ್ಟಳು.

ಕಮಲಾಪುರದ ಹಾಗಲಬಳ್ಳಿ ನೀಲಕಂಠನ ಕಣ್ಮುಂದೆ ಹಬ್ಬಿತು. ಅವನು ಕಣ್ಣಲ್ಲೇ ಕೈ ಮುಗಿದ. ಇಮಾಮುದ್ದೀನ ಮೂವತ್ತು ವರ್ಷ ಗಿರಾಕಿಗಳ ಮುಖ ಓದಿದವನು. ಪ್ಲೇಟನ್ನು ತಟಕ್ಕನೆ ಅರುಣಕುಮಾರನ ಕೈಗಿಟ್ಟು, ಒಂದು ಗ್ಲಾಸು ಬಿಸಿನೀರು ಬಗ್ಗಿಸಿ ನೀಲಕಂಠನಿಗೆ ಕೊಟ್ಟ. "ಇದೇ ಅಮ್ಮಾ! ಸಾಬ್ರು ದಿನಾ ಇಲ್ಲಿತನಕ ನಡೀತಾರ, ಬಿಸಿನೀರು ಕುಡದು ಹೋಗ್ತಾರ. ಭಜಿ ಮುಂದಿಟ್ರ ಮೂಗು ಮುಚ್ಕೊಂತಾರ!"

ನೀಲಕಂಠನಿಗೆ ಹೋದ ಜೀವ ಬಂತು. ಅಂಬಿಕಾಳ ಕಣ್ಣು ತುಂಬಿತು. "ನಾನೇ ಸುಳ್ಳೇ ಸಂಶಯ ಪಟ್ಟೆನ್ರಿ," ಎಂದಳು.

ಅಷ್ಟರಲ್ಲಿ ಅರುಣಕುಮಾರ, ಕೈಗೆ ಬಂದದ್ದನ್ನು ಬಿಸಾಡಬಾರದೆಂದು ಒಂದು ಭಜಿ ಕಚ್ಚಿದ. ಎರಡನೆಯದನ್ನೂ ಕಚ್ಚಿದ. "ಅಕ್ಕಾ, ನಡದು ಬಂದೋರಿಗೆ ಇದು ನಡೀತದ," ಎಂದ. ಮತ್ತೆ ಕೇಳಬೇಕೇ! ಎಲ್ಲರೂ ಬೆಂಚು ಹಿಡಿದರು. ಪ್ರಿಯದರ್ಶಿನಿ ಎರಡು ಪ್ಲೇಟು ಮುಗಿಸಿ ತೀರ್ಪು ಕೊಟ್ಟಳು: "ದಾರಿ ಇಲ್ಲೇ ಮುಗೀಲಿ. ಈ ಹೋಟೆಲ್‌ಗೆ ಕೈ ಹಚ್ಚೋದು ಬ್ಯಾಡ."

ಹೋಟೆಲು ಉಳಿಯಿತು! ನೀಲಕಂಠ ಕುಣಿಯುವುದೊಂದು ಬಾಕಿ. ನಾಳೆ ಎರಡು ಪ್ಲೇಟು ತಿಂದೇ ತೀರುವೆನೆಂದು ಮನಸ್ಸಿನಲ್ಲೇ ಹರಕೆ ಹೊತ್ತ.

"ನಾಳಿಂದ ನಾನೂ ನಿಮ್ಮ ಸಂಗಡ ದಿನಾ ಬರ್ತೀನ್ರಿ," ಎಂದಳು ಅಂಬಿಕಾ, ಬಾಯಿ ತುಂಬ ಭಜಿ ಇಟ್ಟುಕೊಂಡು.

"ನಾವೂ ಎಲ್ಲಾರೂ!" ವಿದ್ಯಾವತಿಯವರು ದನಿಗೂಡಿಸಿದರು.

"ನಾನು ಒಂದು ತಿಂಗಳು ಇಲ್ಲೇ ಇರ್ತೀನಕ್ಕಾ," ಎಂದ ಅರುಣಕುಮಾರ.

ಇಮಾಮುದ್ದೀನ ಖುಷಿಯಿಂದ ಒಳಗೆ ಭಜಿ ಕರಿಯುವವನಿಗೆ ಕೂಗಿ ಹೇಳಿದ: "ಕಲ್ ಸೇ ದಿನಾ ಹತ್ತು ಪ್ಲೇಟ್ ಭಜಿ, ಒಂದು ಗ್ಲಾಸ್ ಬಿಸಿನೀರು!"