ಮಾವನ ಮೋರಿಸ್ ಮೈನರ್

ಬೀಜಾಡಿಯ ಚಂದಯ್ಯ ಶೆಟ್ಟರ ಬಳಿ ಎಲ್ಲವೂ ಇತ್ತು. ಹಳೆಯದು ಮಾತ್ರ ಇರಲಿಲ್ಲ. ಮೂವತ್ತು ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ, ಅದನ್ನು ಪಾಲುದಾರನ ಕೈಗೊಪ್ಪಿಸಿ ಊರಿಗೆ ಮರಳಿದ ಮೇಲೆ ಹೊಸ ಮನೆ, ಹೊಸ ಗೇಟು, ಹೊಸ ಮಂಡಿಚಿಪ್ಪು (ಎಡಗಾಲಿನದು) ಎಲ್ಲ ಮಾಡಿಸಿಕೊಂಡಿದ್ದರು. ಆದರೆ ನೆರೆಮನೆಯ ಯೋಗೀಶ್ ಎಲ್ಲಿಂದಲೋ ಒಂದು ಮುದಿ ಜೀಪನ್ನು ಎಳೆದು ತಂದು, ಬಣ್ಣ ಬಳಿದು ಅಂಗಳದಲ್ಲಿ ನಿಲ್ಲಿಸಿದ ದಿನದಿಂದ ಶೆಟ್ಟರಿಗೆ ಊಟ ರುಚಿಸದಾಯಿತು. ದಾರಿಯಲ್ಲಿ ಹೋಗುವವರೆಲ್ಲ ಆ ಜೀಪಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುವವರೇ. ಒಂದು ದಿನ ಯಾರೋ ಶೆಟ್ಟರನ್ನೂ ಕರೆದು ನಿಲ್ಲಿಸಿದರು. ಫೋಟೋದಲ್ಲಿ ಜೀಪು ಪೂರ್ತಿ ಬಂದಿತ್ತು; ಶೆಟ್ಟರು ಅರ್ಧ.

ಅದರ ಮೇಲೆ ಇನ್ನೊಂದು ಸುದ್ದಿ. ಮುಂದಿನ ನವೆಂಬರಿನಲ್ಲಿ ಬ್ರಹ್ಮಾವರದಿಂದ ಬೈಂದೂರಿನ ತನಕ ಹಳೆ ಕಾರುಗಳ ಮೆರವಣಿಗೆಯಂತೆ. ಅದರಲ್ಲಿ ತಾನು ಸ್ಟಿಯರಿಂಗ್ ಹಿಡಿದು, ಜನರತ್ತ ಕೈ ಬೀಸುತ್ತ ಹೋಗದಿದ್ದರೆ ಇಷ್ಟು ವರ್ಷ ಬದುಕಿದ್ದು ವ್ಯರ್ಥ ಎಂದು ಶೆಟ್ಟರು ಆ ಕ್ಷಣವೇ ತೀರ್ಮಾನಿಸಿದರು.

"ಹಳೆ ಕಾರೊಂದನ್ನ ರೆಡಿ ಮಾಡ್ಸುಕ್ ಹೊರ್ಟಿದ್ದೆ," ಎಂದು ಹೆಂಡತಿ ಹರಿಣಾಕ್ಷಿಗೆ ಘೋಷಿಸಿದರು.

"ಹಳೆದನ್ನ ರಿಪೇರಿ ಮಾಡುದಾರೆ ನಿಮ್ ಗೊರಕೆಯಿಂದ ಶುರು ಮಾಡ್ಲಕ್ಕ್ ಅಲ್ದಾ?"

"ಇದ್ ಪರಂಪರೆ ಮಾರಾಯ್ತಿ, ಪರಂಪರೆ! ನಿಂಗ್ ಗೊತ್ತಾತಿಲ್ಲೆ."

"ಅಡ್ಡಿಲ್ಲ. ಯಾವ ಕಾರಾರೂ ತಕಣಿ. ಮೆರವಣಿಗೆ ದಿನ ನಾನ್ ಮುಂದಿನ ಸೀಟಂಗೆ ಕೂಕಣ್ಕ್. ಅಷ್ಟೇ."

ಶೆಟ್ಟರು ನಕ್ಕರು. ಮುಂದಿನ ಸೀಟು ಮುಖ್ಯ ಅತಿಥಿಗಳಿಗೆ ಮೀಸಲು. (ಅತಿಥಿ ಯಾರೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಕಾರೂ ಇರಲಿಲ್ಲ. ಆದರೂ ಮೀಸಲು.) "ನೀನ್ ಹಿಂದೆ ಕೂಕೋ. ಚೀಲ ಗೀಲ ಹಿಡ್ಕಂಬುಕೆ ಒಬ್ರ್ ಬೇಕಲೆ," ಎಂದುಬಿಟ್ಟರು. ಹರಿಣಾಕ್ಷಿ ಏನೂ ಹೇಳಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾದ ಗಂಡಸು ಹೆದರಬೇಕಾದದ್ದು ಅಲ್ಲಿಯೇ. ಶೆಟ್ಟರು ಹೆದರಲಿಲ್ಲ.

ಮರುದಿನವೇ ಕೋಟೇಶ್ವರದ ಮೆಕ್ಯಾನಿಕ್ ಶೀನನನ್ನು ಜೊತೆ ಮಾಡಿಕೊಂಡು ಸಕುಟುಂಬ ಕಾರು ನೋಡುವ ಶಾಸ್ತ್ರ ಶುರುವಾಯಿತು. ಶೀನನ ವಿಧಾನ ಸರಳ. ಬಾನೆಟ್ಟಿಗೆ ಎರಡು ಸಲ ತಟ್ಟಿ, ಕಿವಿಯಿಟ್ಟು ಕೇಳಿ, ಕಣ್ಣು ಮುಚ್ಚಿ "ಜೀವ ಇತ್ತ್" (ಇನ್ನೂ ಇದೆ ಎಂದರ್ಥ) ಅನ್ನುವುದು. ಅವನ ಕೈಯಲ್ಲಿ ಇದುವರೆಗೆ ಯಾವ ಕಾರೂ ಸತ್ತದ್ದಿಲ್ಲ; ಎಷ್ಟೋ ಕಾರುಗಳು ಎದ್ದೂ ಇಲ್ಲ.

ಮೊದಲು ಸಾಸ್ತಾನದ ಅಂಬಾಸಿಡರ್. ದಿವಂಗತ ಡಾಕ್ಟರೊಬ್ಬರದ್ದು, ಬಿಳಿಯದು. ಬಿಳಿ ಈಗ ಹಾವಸೆಯ ಬಣ್ಣಕ್ಕೆ ತಿರುಗಿತ್ತು. ಶೆಟ್ಟರು ಒಳಗೆ ಕುಳಿತು ಗಂಭೀರವಾಗಿ ಎಡಕ್ಕೂ ಬಲಕ್ಕೂ ನಮಸ್ಕಾರ ಮಾಡಿ ನೋಡಿದರು.

"ಇದ್ ಮಂತ್ರಿಗಳ ಗಾಡಿ," ಎಂದಳು ಹರಿಣಾಕ್ಷಿ. "ಪಂಚಾಯ್ತಿಗೆ ನಿಂತ್ ಸೋತ ನೀವ್ ಇದ್ರಂಗ್ ಹೋರೆ ಜನ ನೆಗಾಡ್ತ್ರ್."

ಶೆಟ್ಟರು ನಮಸ್ಕಾರವನ್ನು ಅರ್ಧಕ್ಕೇ ನಿಲ್ಲಿಸಿ ಇಳಿದರು.

ಆಮೇಲೆ ಹಂಗಾರಕಟ್ಟೆಯ ಫಿಯೆಟ್. ದೋಣಿ ಕಟ್ಟುವ ಶೆಡ್ಡಿನ ಮೂಲೆಯಲ್ಲಿ ಹನ್ನೆರಡು ವರ್ಷದಿಂದ ಉಪ್ಪುಗಾಳಿ ಕುಡಿಯುತ್ತ ನಿಂತಿತ್ತು. ಬಾಗಿಲು ತೆರೆದರೆ ಒಳಗೆ ನೆಲವೇ ಇಲ್ಲ. ಕೆಳಗಿನ ಮರಳು, ಮರಳಿನ ಮೇಲೆ ಓಡಾಡುವ ಏಡಿ ಎಲ್ಲ ಸ್ಪಷ್ಟ.

"ಜೀವ ಇತ್ತ್," ಎಂದ ಶೀನ.

"ಅದ್ ಏಡಿದ್ ಮಾರಾಯ," ಎಂದಳು ಹರಿಣಾಕ್ಷಿ. ಗಂಡನತ್ತ ತಿರುಗಿ, "ಮುಂಬಯಂಗೆ ಇದೇ ಟೇಕ್ಸಿಯಂಗ್ ತಿರ್ಗಿದ್ ಸಾಕಾಯ್ಲಿಲ್ಯಾ? ನೀವ್ ಕೈ ಬೀಸ್ರೆ ಜನ ಬಾಡಿಗೆ ಕೇಂತ್ರ್ ಕಾಣಿ."

ಉಳಿದದ್ದು ಒಂದೇ. ಬೈಂದೂರಿನಲ್ಲಿ ಶೆಟ್ಟರ ಸೋದರಮಾವ ದಿವಂಗತ ಸೂರಪ್ಪ ಶೆಟ್ಟರ ಮೋರಿಸ್ ಮೈನರ್. ಊರಿಗೆ ಬಂದ ಮೊದಲ ಕಾರಂತೆ. (ಹೀಗೆಂದು ಹೇಳಿಕೊಳ್ಳುವ ಮನೆಗಳು ಬೈಂದೂರಿನಲ್ಲಿ ಇನ್ನೂ ಏಳಿವೆ.) ಅದೀಗ ಮಾವನ ಮಗ ಕುಷ್ಟನ ಹಟ್ಟಿಯ ಪಕ್ಕ ಕೋಳಿಗೂಡಾಗಿ ನಿವೃತ್ತ ಜೀವನ ನಡೆಸುತ್ತಿತ್ತು. ಮುಂದಿನ ಸೀಟಿನಲ್ಲಿ ಹುಂಜ, ಹಿಂದಿನ ಸೀಟಿನಲ್ಲಿ ಕಾವು ಕೂತ ಒಂದು ಹೇಂಟೆ.

ಕುಷ್ಟ ಸುಲಭಕ್ಕೆ ಬಿಡಲಾರ ಎಂದು ಶೆಟ್ಟರು ಬಲ ಕೂಡಿಸಿಕೊಂಡೇ ಹೋಗಿದ್ದರು. ಹರಿಣಾಕ್ಷಿಯಲ್ಲದೆ ತಂಗಿ ರಾಜೀವಿ, ಅವಳ ಮಗ ರತನ್ ಇಬ್ಬರೂ ಜೊತೆಗಿದ್ದರು. ರತನನ ಕೈಯಲ್ಲಿ ಮೊಬೈಲು. ಮಾವನ ಭಾಷಣ ಅಂದರೆ ಅವನಿಗೆ ಮೊದಲಿನಿಂದಲೂ ಮಜಾ.

"ಅಪ್ಪಯ್ಯನ್ ಕಾರ್ ಅಲ್ದಾ ಬಾವ?" ಎಂದ ಕುಷ್ಟ. "ಅಪ್ಪಯ್ಯಂದ್ ಅಂದ್ರ್ ಮೇಲೆ ನಂದಾಯ್ತಲೆ."

ಇದಕ್ಕೇ ಕಾದಿದ್ದವರಂತೆ ಶೆಟ್ಟರು ಎದ್ದು ನಿಂತು ಶಾಲು ಸರಿಪಡಿಸಿಕೊಂಡರು.

"ಕುಷ್ಟ, ನಮ್ದ್ ಎಂತಾ ಕಟ್ಟ್ ಅಂದೇಳಿ ಮರ್ತಿಯಾ? ಅಳಿಯಸಂತಾನ! ಕಾನೂನ್ ಏನಾರೂ ಹೇಳ್ಲಿ, ರಕ್ತ ಹೇಳುದ್ ಅದನ್ನೇ. ಮಾವಂದ್ ಅಳಿಯಂಗೆ. ಮಗಂಗಲ್ಲ! ಇನ್ನೊಂದ್ ಹೇಳ್ತೆ ಕೇಣ್. ಮರ್ಯಾದಿ ಇಪ್ಪ ಮಾವ ಸಾಯುವರಿಗೆ ಕಾಯ್ತಿಲ್ಲ. ಬದ್ಕಿಪ್ಪತಿಗೇ ಅಳಿಯನ್ನ ಕರ್ದ್, ಕೈಯಾರೆ ಕೀ ಕೊಡ್ತ. ನಿನ್ನ್ ಅಪ್ಪಯ್ಯಂಗೆ ಮರ್ತ್ ಹೋಯ್ತ್. ಅದನ್ನ ಈಗ ನೀನ್ ಸರಿ ಮಾಡ್ಕ್!"

"ಹೌದ್ ಮತ್ತೆ," ಎಂದು ರಾಜೀವಿ ತಲೆಯಾಡಿಸಿದಳು. "ಅಣ್ಣ ಹೇಳುದ್ ನೂರಕ್ಕೆ ನೂರ್ ಸರಿ. ಮಾವಂದ್ ಅಳಿಯಂಗೇ." ಅವಳ ತಲೆ ಆಮೇಲೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಅದನ್ನು ಗಮನಿಸಿದ್ದು ಹರಿಣಾಕ್ಷಿ ಒಬ್ಬಳೇ.

ಕುಷ್ಟ ಸೋತ. ಹೊಸ ಕೋಳಿಗೂಡೊಂದನ್ನು ಕಟ್ಟಿಸಿಕೊಡಬೇಕು, ಸೀಟು ಬಿಟ್ಟೇಳದ ಆ ಹೇಂಟೆಯನ್ನು ಮೆರವಣಿಗೆಯ ದಿನ ಅದೇ ಕಾರಿನಲ್ಲಿ ವಾಪಸು ತಂದು ಬಿಡಬೇಕು ಎಂಬೆರಡು ಷರತ್ತಿನ ಮೇಲೆ ಮೋರಿಸ್ ಮೈನರ್ ಲಾರಿ ಹತ್ತಿತು. ಹೇಂಟೆ ಸೀಟಿನಿಂದ ಇಳಿಯಲೇ ಇಲ್ಲ.

ಮುಂದಿನ ಎಂಟು ತಿಂಗಳು ಶೆಟ್ಟರು ಮನುಷ್ಯರೊಂದಿಗೆ ಮಾತಾಡಿದ್ದು ಕಡಿಮೆ. ಕೊಯಮತ್ತೂರಿನಿಂದ ಗೇರ್ ಬಾಕ್ಸು ಬಂತು, ಪುಣೆಯಿಂದ ಹೆಡ್‌ಲೈಟು ಬಂತು. ದಂತವರ್ಣವೋ ಕೆನೆವರ್ಣವೋ ಎಂಬ ಜಿಜ್ಞಾಸೆಯಲ್ಲಿ ಒಂದು ತಿಂಗಳು ಕಳೆಯಿತು. (ಎರಡೂ ಒಂದೇ ಡಬ್ಬದಲ್ಲಿ ಬರುತ್ತವೆಂದು ಶೀನ ಕೊನೆಗೆ ತಿಳಿಸಿದ.) ಹೊಸದಾಗಿ ಹೊಲಿಸಿದ ಹಿಂದಿನ ಸೀಟನ್ನು ಮೊದಲು ಹತ್ತಿ ಕೂತದ್ದು ಹೇಂಟೆ, ಬಾಗಿಲು ತೆರೆದಾಗಲೆಲ್ಲ ಅದು ತನ್ನ ಹಕ್ಕು ಸ್ಥಾಪಿಸುತ್ತಿತ್ತು. ಹರಿಣಾಕ್ಷಿ ಮತ್ತೊಮ್ಮೆ ಮುಂದಿನ ಸೀಟಿನ ಮಾತೆತ್ತಿದಳು.

"ಆತಿಲ್ಲೆ ಅಂದ್ರೆ ಆತಿಲ್ಲೆ," ಎಂದರು ಶೆಟ್ಟರು. ಅವಳು ಒಳಗೆ ಹೋಗಿ ನಾದಿನಿ ರಾಜೀವಿಗೆ ಫೋನು ಮಾಡಿದಳು. ಇಬ್ಬರೂ ತುಂಬ ಹೊತ್ತು ನಗುತ್ತಿದ್ದುದು ಕಾರಿಗೆ ಪಾಲಿಶ್ ತಿಕ್ಕುತ್ತಿದ್ದ ಶೆಟ್ಟರಿಗೂ ಕೇಳಿಸಿತು. ಹೆಂಗಸರಿಗೆ ಬೇರೆ ಕೆಲಸವಿಲ್ಲ ಎಂದುಕೊಂಡರು.

ಮೆರವಣಿಗೆಯ ಬೆಳಿಗ್ಗೆ. ರೇಷ್ಮೆ ಜುಬ್ಬಾ, ಜರಿ ಪಂಚೆ, ಕಪ್ಪು ಕನ್ನಡಕದಲ್ಲಿ ಚಂದಯ್ಯ ಶೆಟ್ಟರು ಅಂಗಳಕ್ಕಿಳಿದಾಗ ಕಾರಿನ ಮುಂದೆ ರಾಜೀವಿ ತೆಂಗಿನಕಾಯಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ರತನ್, ಅಂಗೈ ಚಾಚಿಕೊಂಡು.

"ಎಂತ ಮಗ?"

"ಕೀ, ಮಾವ."

"ಯಾವ ಕೀ?"

ರತನ್ ಮೊಬೈಲು ಒತ್ತಿದ. ಬೈಂದೂರಿನ ಹಟ್ಟಿಯ ಪಕ್ಕ ಶಾಲು ಸರಿಪಡಿಸಿಕೊಳ್ಳುತ್ತ ಒಬ್ಬ ದಪ್ಪ ಮನುಷ್ಯ ಗುಡುಗಿದ: "ಮರ್ಯಾದಿ ಇಪ್ಪ ಮಾವ ಸಾಯುವರಿಗೆ ಕಾಯ್ತಿಲ್ಲ. ಬದ್ಕಿಪ್ಪತಿಗೇ ಅಳಿಯನ್ನ ಕರ್ದ್, ಕೈಯಾರೆ ಕೀ ಕೊಡ್ತ!"

ಶೆಟ್ಟರು ಕೀಯನ್ನು ಮುಷ್ಟಿಯೊಳಗೆ ಬಚ್ಚಿಟ್ಟರು. ಐವತ್ತೆಂಟು ವರ್ಷ ತಾವು ಅಳಿಯ ಎಂದೇ ಭಾವಿಸಿಕೊಂಡು ಬಂದವರು. ನಡುವೆ ಯಾವಾಗಲೋ ಮಾವನೂ ಆಗಿಹೋಗಿದ್ದೇವೆಂಬುದು ಅವರ ಲಕ್ಷ್ಯಕ್ಕೇ ಬಂದಿರಲಿಲ್ಲ.

"ನಾ ಎಂಟ್ ತಿಂಗ್ಳ್ ಕಷ್ಟ ಬಂದ್ ರೆಡಿ ಮಾಡ್ಸಿದ್ದ್..."

"ಅಳಿಯಂಗ್ ಕೊಡುವತಿಗೆ ಕಷ್ಟ ಹೇಳ್ಕಂತ್ರಾ ಅಣ್ಣ?" ಎಂದಳು ರಾಜೀವಿ, ನೊಂದ ದನಿಯಲ್ಲಿ. "ಕುಷ್ಟ ಬೈಂದೂರಂಗೆ ಕಾಯ್ತಾ ಇತ್ತ. ಅವಂಗೂ ಆ ವೀಡಿಯೋ ಕಳ್ಸಿದ್ದೆ."

ಬೇಲಿಯಾಚೆ ಯೋಗೀಶ್ ಜೀಪಿನ ಮೇಲೆ ಹತ್ತಿ ನಿಂತು ನೋಡುತ್ತಿದ್ದ. ಅವನ ಮುಂದೆ ಮರ್ಯಾದೆ ಇಲ್ಲದ ಮಾವ ಅನ್ನಿಸಿಕೊಳ್ಳುವುದೇ? ಶೆಟ್ಟರು ಕೀ ಕೊಟ್ಟರು. ಕೈಯಾರೆ. ರತನ್ ಅದನ್ನೂ ವೀಡಿಯೋ ಮಾಡಿಕೊಂಡ.

ಆಮೇಲೆ ಅವನು ಮುಂದಿನ ಎಡಬಾಗಿಲು ತೆರೆದು, "ಕೂಕಣಿ ಅತ್ತೆ" ಎಂದ. ಹರಿಣಾಕ್ಷಿ ಕಾಂಜೀವರಂ ಸೀರೆಯ ನೆರಿಗೆ ಹಿಡಿದು, ಗಂಡನ ಕಪ್ಪು ಕನ್ನಡಕವನ್ನು ಮೆಲ್ಲಗೆ ತೆಗೆದು ತಾನು ಹಾಕಿಕೊಂಡು, ಕುಳಿತಳು. ಹಿಂದಿನ ಸೀಟಿನಲ್ಲಿ ಬಲಕ್ಕೆ ರಾಜೀವಿ, ಎಡಕ್ಕೆ ಚೀಲಗಳು, ನಡುವೆ ಚಂದಯ್ಯ ಶೆಟ್ಟರು, ಅವರ ಮಡಿಲಲ್ಲಿ ಹೇಂಟೆ.

ಬ್ರಹ್ಮಾವರದಿಂದ ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಜನ ಕೈ ಬೀಸಿದರು, ಹರಿಣಾಕ್ಷಿ ಮಂತ್ರಿಗಳ ಗತ್ತಿನಲ್ಲಿ ಎಡಕ್ಕೂ ಬಲಕ್ಕೂ ನಮಸ್ಕರಿಸಿದಳು. ಸಾಸ್ತಾನದ ಟೋಲ್ ಗೇಟಿನಲ್ಲಿ ಕಾರು ಗಕ್ಕನೆ ನಿಂತ ಕುಲುಕಿಗೆ ಹೇಂಟೆ ಒಮ್ಮೆ ಮೈ ಬಿಗಿದು, ಕೊಕ್ಕೊಕ್ಕೋ ಎಂದು ಕೂಗಿ ಎದ್ದಿತು. ಶೆಟ್ಟರ ಜರಿ ಪಂಚೆಯ ಮೇಲೆ ಬೆಚ್ಚಗೆ ಒಂದು ಮೊಟ್ಟೆ.

ಇಡೀ ಕಾರಿನಲ್ಲಿ ತನ್ನ ಪಾಲಿಗೆ ಬಂದದ್ದು ಇದೊಂದೇ ಎಂದು ಅವರು ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಕನ್ನಡಿಯಲ್ಲಿ ನೋಡುತ್ತಿದ್ದ ಹರಿಣಾಕ್ಷಿ ತಿರುಗದೆಯೇ ಹೇಳಿದಳು:

"ಹ್ವಾಯ್, ಅದನ್ನೂ ಅಳಿಯಂಗ್ ಕೊಡಿ. ಬದ್ಕಿಪ್ಪತಿಗೇ."