ಗಿಡಗಳನ್ನು ಎಂದೂ ಹೊಗಳದ ನಮ್ಮ ಅತ್ತೆಯವರು

ಮಾನ್ಯ ಓದುಗ ಮಹಾಶಯರಲ್ಲಿ, ಇದೇ ಮೊದಲ ಬಾರಿಗೆ ಲೇಖನವೊಂದನ್ನು ಬರೆಯಲು ಕುಳಿತವಳ ವಿಜ್ಞಾಪನೆ ಏನೆಂದರೆ: ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಬಸ್ಸಿನ ಪ್ರಯಾಣಿಕರಂತೆ ಒಂದರ ಮೇಲೊಂದು ಹತ್ತಿ ಕುಳಿತಿರುತ್ತವೆ. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ನನಗೆ ಇಂದಿಗೂ ಧೈರ್ಯ ಸಾಲದು. ಕನಕಪುರದಾಚೆಯ ದೊಡ್ಡ ಎಸ್ಟೇಟೊಂದರ ಕಚೇರಿಯಲ್ಲಿ ಹಲವು ವರ್ಷ ಗುಮಾಸ್ತೆಯಾಗಿದ್ದು, ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧವಾಗಿ’ ಎಂದು ಬರೆದೂ ಬರೆದೂ ಬೇರೆ ವಿಧವಾದ ಬರವಣಿಗೆ ನನಗೆ ಬಾರದೇ ಹೋಯಿತು. ಆದುದರಿಂದ ನಗೆ ಬರಬೇಕಾದ ಕಡೆ ಅರ್ಜಿಯ ವಾಸನೆ ಬಂದರೆ ದಯವಿಟ್ಟು ಮನ್ನಿಸತಕ್ಕದ್ದು.

ವಿಷಯ: ನಮ್ಮ ಅತ್ತೆಯವರು.

ನಮ್ಮ ಅತ್ತೆಯವರು, ಎಂದರೆ ನನ್ನ ತಂದೆಯವರ ಅಕ್ಕ, ತಮ್ಮ ಜೀವಮಾನದಲ್ಲಿ ಒಂದೇ ಒಂದು ಗಿಡವನ್ನು ಹೊಗಳಿದವರಲ್ಲ! ಸದರಿಯವರು ಮೇಲ್ಕಂಡ ಎಸ್ಟೇಟಿನ ತೋಟದ ಮೇಸ್ತ್ರಿಯಾಗಿದ್ದರು. ಬಂಗಲೆಯ ಸುತ್ತಲ ಹುಲ್ಲುಹಾಸು, ಗುಲಾಬಿ ಪಾತಿಗಳು, ದಾರಿಯುದ್ದದ ಗಿಡದ ಬೇಲಿ, ಸಸಿಮಡಿ, ಹಿಂದಿನ ಮಾವಿನ ತೋಪು, ಇವಿಷ್ಟೂ ಅವರ ಆಡಳಿತಕ್ಕೆ ಒಳಪಟ್ಟಿದ್ದವು. ಮೊದಲು ಈ ಕೆಲಸದಲ್ಲಿದ್ದವರು ಅವರ ಪತಿ, ನಮ್ಮ ಮಾವನವರು. ಅವರು ತೀರಿಕೊಂಡ ಹದಿಮೂರನೆಯ ದಿನದ ಮಾರನೆಯ ಬೆಳಿಗ್ಗೆ ಅತ್ತೆಯವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು ಪಾತಿಗೆ ಇಳಿದರು. ನೇಮಕದ ಆದೇಶ ಬಂದದ್ದು ಎರಡು ತಿಂಗಳ ನಂತರ!

ಗಿಡವನ್ನು ಹೊಗಳಿದರೆ ಅದಕ್ಕೆ ಮೈಗಳ್ಳತನ ಹತ್ತುತ್ತದೆ ಎಂಬುದು ಅತ್ತೆಯವರ ದೃಢವಾದ ಅಭಿಪ್ರಾಯ. ಆದುದರಿಂದ ಬೆಳಗಾಗುತ್ತಲೇ ಪಾತಿ ಪಾತಿಗೂ ಹೋಗಿ ಬೈಗುಳದ ಸೇವೆ ನಡೆಸುತ್ತಿದ್ದರು. ಒಮ್ಮೆ ಎಸ್ಟೇಟಿನ ಯಜಮಾನರ ಕಡೆಯ ಸ್ಥೂಲಕಾಯದ ಹೆಂಗಸೊಬ್ಬರು ಬೆಂಗಳೂರಿನಿಂದ ಬಂದು, ದಾಸವಾಳದ ಮರೆಯಲ್ಲಿ ನಿಂತು ತಂಗಾಳಿ ಸೇವಿಸುತ್ತಿದ್ದರು. ಗಿಡದ ಆ ಬದಿಯಿಂದ ಅತ್ತೆಯವರ ಧ್ವನಿ ಕೇಳಿಬಂತು.

“ತಿಂದೂ ತಿಂದೂ ಹೆಂಗ್ ಕೊಬ್ಬಿದ್ದೀಯ ನೋಡು! ಹೊತ್ತೊತ್ತಿಗೆ ಹಾಕಿದ್ದೆಲ್ಲಾ ಮುಕ್ಕೋದಲ್ದೆ ಯಾರ್ಗಾದ್ರೂ ಒಂದ್ ಉಪ್ಕಾರ ಐತಾ ನಿನ್ನಿಂದ? ನಾಳೆ ಬಂದು ಸವರ್ತೀನಿ ಇರು!”

ಆ ತಾಯಿ ಅಂದು ಮಧ್ಯಾಹ್ನ ಅನ್ನ ಮುಟ್ಟಲಿಲ್ಲ. ರಾತ್ರಿ ಬರೀ ಮಜ್ಜಿಗೆ ಕುಡಿದರು. ಮರುದಿನ ಸವರುವ ಹೊತ್ತಿಗೆ ಮೊದಲೇ ಹೊರಟುಹೋದರು!

ಇಂಥ ಅತ್ತೆಯವರಿಗೆ ಕಣ್ಣು ಮಂಜಾಗತೊಡಗಿತು. ಮೊದಲು ಅವರೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ಸಂಜೆಯ ಹೊತ್ತು, ನಾವಿಬ್ಬರೂ ಇದ್ದ ಎಸ್ಟೇಟಿನ ಮನೆಯಲ್ಲಿ, ಅಕ್ಕಿಯ ಕಲ್ಲು ಆರಿಸುವುದನ್ನು ಬಿಟ್ಟರು. “ಒಸಿ ಕಲ್ಲು ತಿಂದ್ರೆ ಹಲ್ಲು ಗಟ್ಟಿಯಾಯ್ತದೆ” ಎಂದರು. ಅದನ್ನು ನಂಬಿ ನಾನು ಹಲ್ಲಿನ ಚೂರೊಂದನ್ನು ಕಳೆದುಕೊಂಡ ಮೇಲೆ ಅನುಮಾನ ಬಂದು, ಬಸ್ಸು ಹತ್ತಿಸಿ ಕನಕಪುರದ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆನು. ಡಾಕ್ಟರರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಇದು ಪೊರೆಯಲ್ಲ, ಆಪರೇಷನ್ನಿನಿಂದ ಹೋಗುವುದಿಲ್ಲ, ಕಣ್ಣಿನ ಹಿಂದಿನ ನರ ಒಣಗುತ್ತಿದೆ ಎಂದು ತಿಳಿಸಿದರು.

“ಒಣಗ್ತಾ ಐತೆ ಅಂದ್ರೆ ಬುಡಕ್ಕೆ ನೀರು ಬುಡೋಕೆ ಆಗಾಕಿಲ್ವಾ ಡಾಕ್ಟ್ರೇ?” ಎಂದರು ಅತ್ತೆಯವರು.

ಡಾಕ್ಟರರು ನಕ್ಕರು. ಅತ್ತೆಯವರು ನಗಲಿಲ್ಲ. ಅವರು ಕೇಳಿದ್ದು ತಮಾಷೆಗಲ್ಲವೆಂಬುದು ನನಗೊಬ್ಬಳಿಗೇ ತಿಳಿಯಿತು.

ಹಿಂದಿರುಗುವ ಬಸ್ಸಿನಲ್ಲಿ ಅವರು ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಹೇಳಿದರು. “ಆಪೀಸ್ನೋರ್ಗೆ ಗೊತ್ತಾದ್ರೆ ನನ್ನ ಕಳಿಸ್ಬುಡ್ತಾರೆ ಕಣವ್ವ. ಬೇಲಿಯಿಂದ ಆಚ್ಗೆ ನಾನು ಕುಲ್ಡಿ. ಒಳಗಿದ್ರೆ ಅಲ್ಲ.”

ಇದು ಅಕ್ಷರಶಃ ಸತ್ಯವಾಗಿತ್ತು. ಕನಕಪುರದ ಬಸ್ ನಿಲ್ದಾಣದಲ್ಲಿ ನನ್ನ ತೋಳು ಬಿಡದೆ ಹೆಜ್ಜೆ ಹೆಜ್ಜೆಗೂ ಎಡವಿದ ಅದೇ ಹೆಂಗಸು, ಎಸ್ಟೇಟಿನ ಗೇಟು ದಾಟಿದ ಕೂಡಲೇ ನನ್ನ ಕೈ ಕೊಡವಿ ಸರಸರನೆ ನಡೆದುಹೋದರು! ಇನ್ನು ಅವರನ್ನು ಆ ಬೇಲಿಯೊಳಗೆ ಉಳಿಸಿಕೊಳ್ಳುವ ಕಾರ್ಯಭಾರ ನನ್ನ ಮೇಲೆ ಬಿತ್ತು.

ತತ್ಸಂಬಂಧವಾಗಿ ನಾವು ಕೈಗೊಂಡ ಕ್ರಮಗಳು ಒಂದೆರಡಲ್ಲ. ಅತ್ತೆಯವರು ಚಪ್ಪಲಿ ತ್ಯಜಿಸಿದರು. ಹುಲ್ಲು, ಜಲ್ಲಿ, ಮಣ್ಣು, ಇಟ್ಟಿಗೆಯ ಅಂಚು ಎಲ್ಲವನ್ನೂ ಪಾದದಿಂದಲೇ ಓದತೊಡಗಿದರು. ಪಾತಿಗಳ ಮೂಲೆಮೂಲೆಗೂ ಒಂದೊಂದು ವಾಸನೆಯ ಗಿಡ ನೆಡಿಸಿದರು. ದವನ ಸೆರಗಿಗೆ ತಗುಲಿದರೆ ಅದು ಗುಲಾಬಿ ಪಾತಿ, ಮರುಗವಾದರೆ ಸೇವಂತಿಗೆ, ಮಜ್ಜಿಗೆ ಹುಲ್ಲಾದರೆ ಮುಂದೆ ಮೆಟ್ಟಿಲಿದೆ, ಜೋಪಾನ! ಯಜಮಾನರು ಬಂದು ನೋಡಿ ಬಹಳ ಸಂತೋಷಪಟ್ಟರು. ಅವರ ಜೊತೆಗಿದ್ದ ತೋಟಗಾರಿಕೆಯ ಪಂಡಿತರೊಬ್ಬರಂತೂ ಇದು ಮೊಘಲರ ಪದ್ಧತಿಯೇ ಇರಬೇಕೆಂದು ಹೇಳಿ ನೋಟ್ ಪುಸ್ತಕದಲ್ಲಿ ಬರೆದುಕೊಂಡರು!

ಗುಲಾಬಿಗಳನ್ನು ಅತ್ತೆಯವರು ವಾಸನೆಯಿಂದಲೇ ಒಂದೊಂದಾಗಿ ಗುರುತಿಸುತ್ತಿದ್ದರು. ಹೂವಿಲ್ಲದ ಕಾಲದಲ್ಲಿ ಮುಳ್ಳಿನಿಂದ. ಕಸಿ ಮಾಡಿದ ಗುಲಾಬಿಯ ಬುಡದಲ್ಲಿ, ಕಸಿಗಂಟಿನ ಕೆಳಗಿನಿಂದ, ಕಾಡು ಚಿಗುರು ಏಳುವುದುಂಟು. ಅದನ್ನು ಬಿಟ್ಟರೆ ಒಳ್ಳೆಯ ಗಿಡದ ಸಾರವನ್ನೆಲ್ಲ ಅದೇ ಹೀರುತ್ತದೆ. ನಮ್ಮ ಎಸ್ಟೇಟಿನ ಗಿಡಗಳಲ್ಲಿ ಆ ಕಾಡು ಚಿಗುರಿಗೆ ಮುಳ್ಳಿರುತ್ತಿರಲಿಲ್ಲ, ನುಣುಪಾಗಿ ಬೆರಳ ಕೆಳಗೆ ಜಾರುತ್ತಿತ್ತು. ಅತ್ತೆಯವರು ಬೆರಳಾಡಿಸುತ್ತಾ ಹೋಗಿ, ನುಣ್ಣಗಿದ್ದರೆ ಬುಡಕ್ಕೇ ಕತ್ತರಿ ಹಾಕುತ್ತಿದ್ದರು. ಕಣ್ಣಿದ್ದವರಿಗೂ ಅಷ್ಟು ಚೊಕ್ಕವಾಗಿ ಬಾರದು.

ಎಡವಟ್ಟುಗಳಾಗಲಿಲ್ಲವೆಂದಲ್ಲ. ಒಂದು ಮಧ್ಯಾಹ್ನ ಅತ್ತೆಯವರು, ನೀರು ಹಾಯಿಸುವ ಸಿದ್ದಯ್ಯನನ್ನು ಹತ್ತು ನಿಮಿಷ ತರಾಟೆಗೆ ತೆಗೆದುಕೊಂಡರು. ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದಾನೆ, ಕೇಳಿದರೆ ಮಾತಾಡುವುದಿಲ್ಲ, ಕೊಬ್ಬು ಎಂದು. ಸಿದ್ದಯ್ಯ ಅವರ ಬೆನ್ನ ಹಿಂದೆ, ಬಾವಿಯ ಕಟ್ಟೆಯ ಮೇಲೆ, ಮುದ್ದೆ ಉಣ್ಣುತ್ತಾ ಕುಳಿತಿದ್ದನು!

“ಮೇಸ್ತ್ರಮ್ಮೋ, ನಾನ್ ಇಲ್ಲಿವ್ನಿ. ಅದು ನಾನಲ್ಲ ಕಣಮ್ಮ. ಗುದ್ಲಿ ಕಾವಿನ ಮ್ಯಾಲೆ ನನ್ನ ಅಂಗಿ ಒಣಾಕಿವ್ನಿ.”

ಅತ್ತೆಯವರು ಒಂದು ಕ್ಷಣವೂ ತಡವರಿಸಲಿಲ್ಲ. “ಗೊತ್ತು ಕಣ್ಲಾ! ನಿನ್ಗೆ ಹೇಳಿ ಹೇಳಿ ಸಾಕಾಯ್ತು. ನಿನ್ ಅಂಗಿಗಾದ್ರೂ ಬುದ್ಧಿ ಬರ್ಲಿ ಅಂತ ಹೇಳ್ತಾವ್ನಿ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆದರೆ ಸಿದ್ದಯ್ಯ ನಗಲಿಲ್ಲ. ಉಣ್ಣುವುದನ್ನು ನಿಲ್ಲಿಸಿ ಅತ್ತೆಯವರ ಮುಖವನ್ನೇ ನೋಡಿದನು. ಅಂದಿನಿಂದ ತೋಟದ ಆಳುಗಳಲ್ಲಿ ಒಂದು ಹೊಸ ರೋಗ ಕಾಣಿಸಿಕೊಂಡಿತು. ಅತ್ತೆಯವರು ಬರುವಾಗ ಯಾರನ್ನು ನೋಡಿದರೂ ಕೆಮ್ಮುತ್ತಿದ್ದರು! ಒಬ್ಬೊಬ್ಬರದು ಒಂದೊಂದು ಕೆಮ್ಮು. ತಾವು ಯಾರು, ಎಲ್ಲಿ ನಿಂತಿದ್ದೇವೆ ಎಂದು ತಿಳಿಸುವುದಕ್ಕೆ. ಒಬ್ಬರೂ ಕಚೇರಿಗೆ ಹೋಗಿ ಒಂದು ಮಾತು ಹೇಳಲಿಲ್ಲ. ಹೊಸದಾಗಿ ಬಂದಿದ್ದ ಮ್ಯಾನೇಜರರು ಮಾತ್ರ, ಇಲ್ಲಿಯ ಹವೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂದು ತಮ್ಮ ಮನೆಯವರನ್ನು ಕರೆತರದೆ ಇದ್ದುಬಿಟ್ಟರು!

ಈ ರೀತಿಯಾಗಿ ಮೂರು ವರ್ಷಗಳು ಸಂದವು.

ಮುಂದೆ ಬರೆಯಬೇಕಾದುದನ್ನು ಬರೆಯಲು ನನಗೆ ಮನಸ್ಸಿಲ್ಲ. ಆದರೂ ತಪ್ಪು ಯಾರದೆಂಬುದು ದಾಖಲಾಗಬೇಕಾದುದರಿಂದ ಬರೆಯುತ್ತೇನೆ. ಒಂದು ಚಳಿಗಾಲ, ಯಜಮಾನರ ತಾಯಿಯವರು ಬಂದು ಕೆಲವು ದಿನ ಬಂಗಲೆಯಲ್ಲಿರುವುದೆಂದು ನಿಶ್ಚಯವಾಯಿತು. ಮ್ಯಾನೇಜರರು ಹಳೆಯ ಪಾತಿಯ ಗುಲಾಬಿಗಳನ್ನು ತೆಗೆಸಿ, ಹೊಸ ಬಗೆಯ ನಲವತ್ತು ಗಿಡಗಳನ್ನು ತರಿಸುವ ಏರ್ಪಾಡು ಮಾಡಿದರು. ಸದರಿ ಗಿಡಗಳ ವಿವರದ ಕಾಗದ ಮೊದಲು ಬಂದದ್ದು ನನ್ನ ಮೇಜಿಗೆ. ‘ಹೂವು ದೊಡ್ಡದು, ಪರಿಮಳವಿಲ್ಲ, ಕಾಂಡಕ್ಕೆ ಮುಳ್ಳಿಲ್ಲ’ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಓದಿದೆನು. ಸಹಿ ಮಾಡಿಸಿದೆನು. ಫೈಲಿಗೆ ಸೇರಿಸಿದೆನು. ಅತ್ತೆಯವರಿಗೆ ಓದಿ ಹೇಳುವುದನ್ನು ಮರೆತೆನು.

ಅದೇ ವಾರ ಸಾತನೂರಿನ ನಮ್ಮ ಮನೆಯಲ್ಲಿ ತಾತನ ತಿಥಿ. ಅತ್ತೆಯವರೂ ನಾನೂ ನಾಲ್ಕು ದಿನ ಹೋಗಿದ್ದೆವು. ನಾವಿಲ್ಲದಾಗ ಹೊಸ ಗಿಡಗಳು ಬಂದವು, ಹಳೆಯವನ್ನು ಕಿತ್ತು ಅವನ್ನು ನೆಟ್ಟರು. ನಾನು ಹೇಳಿರುತ್ತೇನೆಂದು ಆಳುಗಳು ತಿಳಿದರು. ಹಿಂದಿರುಗಿದ ಮರುದಿನ ಬೆಳಕು ಹರಿಯುವ ಮೊದಲೇ ಅತ್ತೆಯವರು ದವನದ ವಾಸನೆ ಹಿಡಿದು ಗುಲಾಬಿ ಪಾತಿಗೆ ಹೋಗಿದ್ದಾರೆ. ಬೆರಳಾಡಿಸಿದ್ದಾರೆ. ಒಂದಕ್ಕೂ ಮುಳ್ಳಿಲ್ಲ!

ನಾನು ಕಾಫಿ ತೆಗೆದುಕೊಂಡು ಹೋದಾಗ ನಲವತ್ತನೆಯ ಗಿಡದ ಬುಡದಲ್ಲಿ ಕುಳಿತಿದ್ದರು. ಮೊಗ್ಗಿದ್ದ ಕೊಂಬೆಗಳನ್ನೆಲ್ಲ ಕತ್ತರಿಸಿ ಒತ್ತಟ್ಟಿಗೆ ಪೇರಿಸಿದ್ದರು.

“ನಾಲ್ಕೇ ದಿನ ಕಣವ್ವ, ನಾನಿಲ್ದೆ ಇದ್ದದ್ದು!” ಎಂದರು ಅತ್ತೆಯವರು. “ಬರೀ ಕಾಡು ಚಿಗುರೇ ತುಂಬ್ಕೊಂಡ್ಬುಟ್ಟಿತ್ತು. ಒಬ್ರಾದ್ರೂ ನೋಡವ್ರಾ?”

ನನ್ನ ಹಿಂದೆ ಮ್ಯಾನೇಜರರು ಬಂದು ನಿಂತಿದ್ದರು. ಅವರು ಕೆಮ್ಮಲಿಲ್ಲ, ಅವರಿಗೆ ಆ ಪದ್ಧತಿ ತಿಳಿದಿರಲಿಲ್ಲ. ರಾಶಿಯಿಂದ ಒಂದು ಕೊಂಬೆಯನ್ನು ತೆಗೆದು ಅತ್ತೆಯವರ ಕೈಗಿಟ್ಟು, “ಇದೇನಮ್ಮ?” ಎಂದು ಕೇಳಿದರು. ಅದರ ತುದಿಯಲ್ಲಿ ಒಂದು ಮೊಗ್ಗು ಅರ್ಧ ಬಿರಿದಿತ್ತು, ಕೆಂಪು. ಅತ್ತೆಯವರು ಮೂಸಿದರು. ಕಾಂಡವನ್ನು ಬೆರಳಿನಿಂದ ಸವರಿದರು. ಆಮೇಲೆ ತುದಿಗೆ ಹೋದ ಬೆರಳು ಅಲ್ಲಿಯೇ ನಿಂತಿತು.

“ಗುಲಾಬಿ ಸ್ವಾಮಿ” ಎಂದರು.

ಮ್ಯಾನೇಜರರು ನನ್ನ ಕಡೆ ತಿರುಗಿ, “ಎಷ್ಟು ದಿನದಿಂದ ಹೀಗೆ?” ಎಂದರು. ನಾನು “ಮೂರು ವರ್ಷದಿಂದ ಸಾರ್” ಎಂದೆನು. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಅತ್ತೆಯವರು ಎರಡು ಪಟ್ಟು ಕೂಗಾಡುತ್ತಿದ್ದರು, ನಮಗೂ ಸಮಾಧಾನವಾಗುತ್ತಿತ್ತು. ಮ್ಯಾನೇಜರರು ಒಳ್ಳೆಯವರು. ಮಧ್ಯಾಹ್ನ ನನ್ನನ್ನು ಕರೆದು, ಅತ್ತೆಯವರ ಬಿಡುಗಡೆಯ ಆದೇಶವನ್ನು ತಯಾರಿಸಲು ತಿಳಿಸಿದರು. “ನೀವೇ ಬರೆಯಿರಿ. ಬೇರೆಯವರು ಬರೆದರೆ ಒರಟಾಗಿಬಿಡುತ್ತೆ” ಎಂದರು.

ಬರೆದೆನು. ಮೂರು ಹಾಳೆ ಕೆಟ್ಟವು.

ಸಂಜೆ ನಾಲ್ಕು ಗಂಟೆಗೆ, ಸದರಿ ಆದೇಶವನ್ನು ತೆಗೆದುಕೊಂಡು ಹೋದೆನು. ಅತ್ತೆಯವರು ಸಸಿಮಡಿಯ ಜಗುಲಿಯ ಮೇಲೆ ಕುಳಿತು, ಒಂದು ಸೇವಂತಿಗೆ ಸಸಿಯನ್ನು ಮೆಲ್ಲನೆ ಬೈಯುತ್ತಿದ್ದರು. ಕಾಗದದ ಸದ್ದು ಕೇಳಿ ನಿಲ್ಲಿಸಿದರು.

“ಆಪೀಸಿಂದಾ? ಓದು.”

ನಾನು ಕಾಗದ ಬಿಡಿಸಿದೆನು. ಗಂಟಲು ಸರಿಪಡಿಸಿಕೊಂಡು ಹೀಗೆ ಓದಿದೆನು:

“ತಮ್ಮ ದೀರ್ಘಕಾಲದ ಸೇವೆಯನ್ನು ಮನಗಂಡು ತಮಗೆ ತಿಳಿಯಪಡಿಸುವುದೇನೆಂದರೆ, ಹೊಸ ಗುಲಾಬಿ ಗಿಡಗಳಿಗೆ ವಾಸನೆಯಾಗಲಿ ಮುಳ್ಳಾಗಲಿ ಇಲ್ಲದಿರುವುದು ಸಂಪೂರ್ಣವಾಗಿ ಸದರಿ ಗಿಡಗಳ ತಪ್ಪೆಂದು ತೀರ್ಮಾನಿಸಿ, ಅವುಗಳನ್ನು ಈ ತೋಟದಿಂದ ಬಿಡುಗಡೆಗೊಳಿಸಲಾಗಿದೆ. ತಾವು ಮೊದಲಿನಂತೆಯೇ ಕೆಲಸದಲ್ಲಿ ಮುಂದುವರಿಯತಕ್ಕದ್ದು.”

ಅತ್ತೆಯವರು ಸೇವಂತಿಗೆ ಸಸಿಯನ್ನು ಪಕ್ಕಕ್ಕೆ ಸರಿಸಿಟ್ಟರು.

“ಚೆನ್ನಾಗಿ ಓದ್ದೆ ಮಗ” ಎಂದರು. “ಆದ್ರೆ ಆಪೀಸ್ನೋರು ಯಾವತ್ತೂ ಗಿಡದ ಮ್ಯಾಲೆ ತಪ್ಪು ಹಾಕಾಕಿಲ್ಲ ಕಣವ್ವ. ಈಗ ಅದ್ರಲ್ಲಿ ಏನೈತೋ ಅದ ಓದು.”

ಅದರಲ್ಲಿದ್ದುದನ್ನು ಓದಿದೆನು. ವಯಸ್ಸು, ದೃಷ್ಟಿದೋಷ, ತಿಂಗಳೊಳಗೆ ವಸತಿ ತೆರವು, ಕೃತಜ್ಞತೆಗಳು. ಕೊನೆಯ ಸಾಲನ್ನು ಎರಡು ಸಲ ಮೊದಲಿನಿಂದ ಶುರುಮಾಡಿದೆನು. ಅತ್ತೆಯವರು ಅವಸರಪಡಿಸದೆ ಕಾದರು. ಹೇಗೋ ಮುಗಿಸಿದೆನು. ಹೊಸ ಗಿಡಗಳ ವಿವರದ ಕಾಗದವನ್ನು ಅವರಿಗೆ ಓದಿ ಹೇಳಲು ಮರೆತವಳು ನಾನೇ, ತಪ್ಪು ನನ್ನದೇ ಎಂದು ಅಲ್ಲಿಯೇ ಹೇಳಿಬಿಟ್ಟೆನು.

ಅವರು ಬೈಯುತ್ತಾರೆಂದು ಕಾದೆನು. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅತ್ತೆಯವರು ಕೈಚಾಚಿ, ತಡಕಾಡಿ, ಮಣ್ಣು ಮೆತ್ತಿದ ಬೆರಳುಗಳಿಂದ ನನ್ನ ಕೆನ್ನೆ ಒರೆಸಿದರು.

“ಮೊದ್ಲು ಓದಿದ್ಯಲ್ಲ ಮಗ, ಅದ ಇನ್ನೊಂದ್ ಸತಿ ಓದು.”

ಅದೇ ಕಾಗದವನ್ನು ಮತ್ತೆ ಹಿಡಿದುಕೊಂಡು, ಅದರಲ್ಲಿಲ್ಲದುದನ್ನು ಎರಡನೆಯ ಬಾರಿ ಓದತೊಡಗಿದೆನು. ಬರೆದಿಟ್ಟಿದ್ದರಲ್ಲವೇ ನೆನಪಿರುವುದು? ಗಿಡಗಳ ‘ದೋಷ’ ಎಂದುಬಿಟ್ಟೆ. ಅತ್ತೆಯವರು ತಡೆದು, “ಅಲ್ಲ, ‘ತಪ್ಪು’ ಅಂದಿದ್ದೆ” ಎಂದರು. ಸರಿಪಡಿಸಿಕೊಂಡು ಮುಂದೆ ಓದಿದೆನು. ತಾವು ಕೆಲಸದಲ್ಲಿ ಮುಂದುವರಿಯತಕ್ಕದ್ದು ಎಂದು ಮುಗಿಸಿದೆನು. ಅವರು ತಲೆಯಲ್ಲಾಡಿಸಿದರು.

“‘ಮೊದಲಿನಂತೆಯೇ’ ಅಂತ ಇತ್ತು ಕಣವ್ವ. ಅದ ಬುಟ್ಬುಟ್ಟೆ.”

ಅತ್ತೆಯವರು ಈಗಿಲ್ಲ. ಆದುದರಿಂದ ಈ ಬರಹದಲ್ಲಿ ನಾನು ಎಲ್ಲಿ ತಪ್ಪಿದ್ದೇನೆ, ಏನನ್ನು ಬಿಟ್ಟಿದ್ದೇನೆ ಎಂದು ತಡೆದು ಹೇಳುವವರು ನನಗೆ ಯಾರೂ ಇಲ್ಲ. ಕಂಡುಬಂದ ತಪ್ಪುಗಳನ್ನು ಓದುಗ ಮಹಾಶಯರೇ ದಯಮಾಡಿ ತಿದ್ದಿಕೊಳ್ಳಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ.